ಎರಡು ಚಮಚ ಎಣ್ಣೆಯಲ್ಲಿ ಹುರುಳಿಕಾಯಿ ಪಲ್ಯ

ಕಡಿಮೆ ಎಣ್ಣೆಯಲ್ಲಿ ಮಾಡಿದ ಪಲ್ಯ ಕೆಡುವುದು ಹೆಚ್ಚಾಗಿ ನೀರಿನಿಂದ. ತೊಳೆದಾಗ ತರಕಾರಿಗೆ ಅಂಟಿಕೊಂಡ ನೀರು, ಬೇಗ ಬೇಯಲೆಂದು ಸುರಿದ ನೀರು, ಉಪ್ಪು ಬಿದ್ದ ಮೇಲೆ ತರಕಾರಿಯೇ ಬಿಡುವ ನೀರು – ಇವು ಬಾಣಲೆಯ ತಳದಲ್ಲಿ ನಿಂತವೆಂದರೆ ಹುರಿಯುವುದು ನಿಂತು ಬರೀ ಬೇಯುವುದು ನಡೆಯುತ್ತದೆ. ನೀರು ಇರುವಷ್ಟು ಹೊತ್ತು ಆ ತರಕಾರಿಯ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ; ಹುರಿದ ಘಮಕ್ಕೆ ಅದಕ್ಕಿಂತ ಹೆಚ್ಚು ಕಾವು ಬೇಕು. ಎಣ್ಣೆ ಧಾರಾಳವಾಗಿದ್ದರೆ ಈ ತಪ್ಪು ಮುಚ್ಚಿಹೋಗುತ್ತದೆ. ಎರಡು ಚಮಚದಲ್ಲಿ ಮಾಡುವಾಗ ಎದ್ದು ಕಾಣುತ್ತದೆ.

ನಾಲ್ಕು ಜನರಿಗೆ ಬೇಕಾಗುವುದು ಇಷ್ಟು: 400 ಗ್ರಾಂ ಹುರುಳಿಕಾಯಿ (ಅಂದರೆ ಬೀನ್ಸ್), 2 ಟೀ ಚಮಚ ಎಣ್ಣೆ, ಮುಕ್ಕಾಲು ಚಮಚ ಸಾಸಿವೆ, ಒಂದೊಂದು ಚಮಚ ಉದ್ದಿನಬೇಳೆ ಮತ್ತು ಕಡಲೆಬೇಳೆ, 2 ಬ್ಯಾಡಗಿ ಮೆಣಸಿನಕಾಯಿ, ಒಂದೆಸಳು ಕರಿಬೇವು, ಚಿಟಿಕೆ ಇಂಗು, ಕಾಲು ಚಮಚ ಅರಿಶಿನ, ಮುಕ್ಕಾಲು ಚಮಚ ಉಪ್ಪು, 3 ದೊಡ್ಡ ಚಮಚ ಕಾಯಿತುರಿ, ಅರ್ಧ ನಿಂಬೆಹಣ್ಣು. ಬ್ಯಾಡಗಿ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಮೆಣಸಿನಕಾಯಿ ಆದರೆ ಒಂದು ಸಾಕು.

ಹುರುಳಿಕಾಯಿ ಕೊಳ್ಳುವಾಗ ಒಂದನ್ನು ಮುರಿದು ನೋಡಿ. ಟಕ್ಕೆಂದು ಮುರಿಯಬೇಕು. ಬಾಗಿ ನಾರಿನಲ್ಲಿ ಜೋತುಬಿದ್ದರೆ, ಇಲ್ಲವೇ ಒಳಗಿನ ಬೀಜ ಹೊರಗಿನಿಂದಲೇ ಉಬ್ಬಿ ಕಂಡರೆ ಅದು ಬಲಿತದ್ದು. ಹುಳಿಗೆ ಸರಿ, ಪಲ್ಯಕ್ಕೆ ಬೇಡ. ಹೆಚ್ಚುವ ಮೊದಲೇ ತೊಳೆದು, ಬಟ್ಟೆಯ ಮೇಲೆ ಹರಡಿ ಕಾಲು ಗಂಟೆ ಆರಲು ಬಿಡಿ. ಹೆಚ್ಚಿದ ಮೇಲೆ ತೊಳೆದರೆ ಕತ್ತರಿಸಿದ ಜಾಗದಿಂದ ಸತ್ವ ನೀರಿಗೆ ಹೋಗುತ್ತದೆ, ಚೂರುಗಳ ನಡುವೆ ನಿಂತ ನೀರು ಬಾಣಲೆಗೆ ಬರುತ್ತದೆ. ತೊಟ್ಟು, ನಾರು ತೆಗೆದು ಅರ್ಧ ಸೆಂಟಿಮೀಟರಿನ ಚೂರುಗಳಾಗಿ ಹೆಚ್ಚಿ. ಚೂರುಗಳು ಒಂದೇ ಅಳತೆಯಲ್ಲಿರಲಿ, ಇಲ್ಲದಿದ್ದರೆ ಸಣ್ಣವು ಕರಗುವ ಹೊತ್ತಿಗೂ ದೊಡ್ಡವು ಹಸಿಯಾಗಿಯೇ ಇರುತ್ತವೆ.

ಬಾಣಲೆ ಅಗಲವಾಗಿರಬೇಕು. ಇಷ್ಟು ತರಕಾರಿಗೆ 26ರಿಂದ 28 ಸೆಂಟಿಮೀಟರ್ ಬೇಕೇ ಬೇಕು. ಚಿಕ್ಕ ಪಾತ್ರೆಯಲ್ಲಿ ಚೂರುಗಳು ಒಂದರ ಮೇಲೊಂದು ಕೂತು, ಕೆಳಗಿನ ಹಬೆಯಲ್ಲಿ ಮೇಲಿನವು ಬೇಯುತ್ತವೆ. ಎಂಟು ಜನರಿಗೆ ಮಾಡುವುದಾದರೆ ಎರಡು ಸರ್ತಿ ಮಾಡಿ. ಕಬ್ಬಿಣದ ಬಾಣಲೆಯನ್ನು ಮೊದಲು ಬರಿದಾಗಿ ಕಾಯಿಸಿ ಆಮೇಲೆ ಎಣ್ಣೆ ಹಾಕಿದರೆ ಎರಡು ಚಮಚ ತಳದ ತುಂಬಾ ಹರಿಯುತ್ತದೆ. ನಾನ್‌ಸ್ಟಿಕ್ಕನ್ನು ಮಾತ್ರ ಬರಿದಾಗಿ ಕಾಯಿಸಬೇಡಿ, ಮೇಲಿನ ಲೇಪ ಹಾಳಾಗುತ್ತದೆ.

ಒಗ್ಗರಣೆಯಲ್ಲಿ ಅವಸರ ಬೇಡ. ಎಣ್ಣೆ ಕಾದಿದೆಯೇ ಎಂದು ಎರಡು ಕಾಳು ಸಾಸಿವೆ ಹಾಕಿ ನೋಡಿ. ತಕ್ಷಣ ಚಟಪಟ ಎಂದರೆ ಉಳಿದದ್ದನ್ನು ಹಾಕಿ. ಸಿಡಿಯುವುದು ಅರ್ಧಕ್ಕೆ ಬಂದಾಗ ಉರಿ ಸಣ್ಣಗೆ ಮಾಡಿ ಕಡಲೆಬೇಳೆ ಹಾಕಿ, ಅರ್ಧ ನಿಮಿಷ ಬಿಟ್ಟು ಉದ್ದಿನಬೇಳೆ. ಕಡಲೆಬೇಳೆ ದಪ್ಪ, ಅದಕ್ಕೆ ಹೆಚ್ಚು ಹೊತ್ತು ಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಉದ್ದು ಕರಕಲಾಗುತ್ತದೆ, ಇಲ್ಲವೇ ಕಡಲೆ ಹಲ್ಲಿಗೆ ಕಲ್ಲಿನ ಹಾಗೆ ಸಿಗುತ್ತದೆ. ಬೇಳೆ ಹೊಂಬಣ್ಣಕ್ಕೆ ಬಂದ ಮೇಲೆ ಮುರಿದ ಮೆಣಸಿನಕಾಯಿ, ಇಂಗು, ಕೊನೆಗೆ ನೀರಿಲ್ಲದಂತೆ ಒರೆಸಿದ ಕರಿಬೇವು. ಸಾಸಿವೆ ಕಪ್ಪಾಗಿ ಹೊಗೆ ಎದ್ದರೆ ಆ ಎಣ್ಣೆ ಚೆಲ್ಲಿ ಹೊಸದಾಗಿ ಶುರುಮಾಡಿ. ಹೋಗುವುದು ಎರಡೇ ಚಮಚ, ಆದರೆ ಆ ಕಹಿ ಯಾವ ಕಾಯಿತುರಿಗೂ ಬಗ್ಗುವುದಿಲ್ಲ.

ಈಗ ಅರಿಶಿನ, ಹಿಂದೆಯೇ ಹುರುಳಿಕಾಯಿ. ಉರಿ ಜೋರು ಮಾಡಿ, ಮುಚ್ಚಳವಿಲ್ಲದೆ ಮೂರು ನಿಮಿಷ ಕೈಯಾಡಿಸುತ್ತಿರಿ. ಪಲ್ಯದ ಬಣ್ಣ ನಿಲ್ಲುವುದು ಬಹುಪಾಲು ಇಲ್ಲೇ. ಹುರುಳಿಕಾಯಿಯಲ್ಲಿ ಸಹಜವಾಗಿಯೇ ಒಂದಿಷ್ಟು ಆಮ್ಲ ಇದೆ. ಕಾವಿಗೆ ಅದು ಹೊರಬಂದು, ಕಾಯಿಗೆ ಹಸಿರು ಬಣ್ಣ ಕೊಡುವ ಹರಿತ್ತಿನ ಮೆಗ್ನೀಸಿಯಂ ಅನ್ನು ಕಿತ್ತುಹಾಕಿದಾಗ ಹಸಿರು ಹೋಗಿ ಮಾಸಲು ಕಂದು ಬರುತ್ತದೆ. ಮುಚ್ಚಳ ತೆರೆದಿದ್ದರೆ ಆ ಆಮ್ಲದ ಒಂದು ಪಾಲು ಹಬೆಯ ಜೊತೆ ಹೋಗುತ್ತದೆ, ಮುಚ್ಚಿದರೆ ಹನಿಯಾಗಿ ಮತ್ತೆ ತರಕಾರಿಯ ಮೇಲೇ ಬೀಳುತ್ತದೆ. ನಿಂಬೆ, ಹುಣಸೆ ಮೊದಲೇ ಹಾಕಬಾರದು ಎನ್ನುವುದೂ ಇದಕ್ಕೇ. ಜೊತೆಗೆ ಹುಳಿ ಬಿದ್ದ ತರಕಾರಿ ಮೆತ್ತಗಾಗಲು ತಡಮಾಡುತ್ತದೆ. ಹಸಿರು ಉಳಿಯಲೆಂದು ಸೋಡಾ ಹಾಕುವ ರೂಢಿ ಕೆಲವು ಕಡೆ ಇದೆ, ದಯವಿಟ್ಟು ಹಾಕಬೇಡಿ. ಬಣ್ಣ ಉಳಿಯುವುದು ನಿಜ, ಆದರೆ ಕಾಯಿ ಲೊಳಲೊಳ ಆಗುತ್ತದೆ, ಬಿ1 ಮತ್ತು ಸಿ ಜೀವಸತ್ವ ನಾಶವಾಗುತ್ತವೆ.

ಚೂರುಗಳ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಕಾಣಿಸಿಕೊಂಡಾಗ ಮೂರು ದೊಡ್ಡ ಚಮಚ ನೀರು ಚಿಮುಕಿಸಿ, ತಟ್ಟೆ ಮುಚ್ಚಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬೇಯಿಸಿ. ಸುರಿಯಬೇಡಿ, ಕೈಯಲ್ಲಿ ಚಿಮುಕಿಸಿ. ಮುಚ್ಚಿದ ತಟ್ಟೆಯ ಮೇಲೆ ಸ್ವಲ್ಪ ತಣ್ಣೀರು ಹಾಕಿಡುವ ಹಳೆಯ ಉಪಾಯ ಗೋರಿಕಾಯಿಗೆ, ಸ್ವಲ್ಪ ಬಲಿತ ಕಾಯಿಗೆ ಚೆನ್ನಾಗಿ ಒಗ್ಗುತ್ತದೆ: ತಟ್ಟೆ ತಂಪಾಗಿರುವುದರಿಂದ ಹಬೆ ಅದರ ತಳಕ್ಕೆ ತಾಗಿ ಹನಿಯುತ್ತದೆ, ತಳ ಹತ್ತುವುದಿಲ್ಲ. ಹಸಿರು ತುಸು ಮಾಸುತ್ತದೆ ಅಷ್ಟೆ.

ಒಂದು ಚೂರನ್ನು ತಿಂದು ನೋಡಿ. ಹಲ್ಲಿಗೆ ಸಿಗಬೇಕು, ಆದರೆ ಹಸಿ ವಾಸನೆ ಇರಬಾರದು. ಹುರುಳಿಕಾಯಿಯನ್ನು ಅರೆಬೆಂದಂತೆ ತಿನ್ನುವುದು ಒಳ್ಳೆಯದಲ್ಲ. ಹಸಿಯಾಗಿರುವಾಗ ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ಹೊಟ್ಟೆ ಕೆಡಿಸುತ್ತದೆ, ಚೆನ್ನಾಗಿ ಬೇಯಿಸಿದರೆ ಅದರ ಶಕ್ತಿ ಹೋಗುತ್ತದೆ. ಬೆಂದಿದ್ದರೆ ಈಗ ಉಪ್ಪು ಹಾಕಿ, ಮುಚ್ಚಳ ತೆಗೆದು, ಉರಿ ಏರಿಸಿ, ತಳದ ನೀರೆಲ್ಲ ಇಂಗುವವರೆಗೆ ಎರಡು ನಿಮಿಷ ಹುರಿಯಿರಿ. ಈ ಎರಡು ನಿಮಿಷ ಬಿಟ್ಟುಬಿಟ್ಟರೆ ಪಲ್ಯ ಬೇಯಿಸಿದ ತರಕಾರಿಯಾಗಿಯೇ ಉಳಿಯುತ್ತದೆ. ಒಲೆ ಆರಿಸಿದ ಮೇಲೆ ಕಾಯಿತುರಿ ಬೆರೆಸಿ. ನಿಂಬೆಯನ್ನು ಬೇರೆ ಪಾತ್ರೆಗೆ ತೆಗೆದುಕೊಂಡ ನಂತರವೇ ಹಿಂಡಿ, ಏಕೆಂದರೆ ಕಬ್ಬಿಣಕ್ಕೆ ಹುಳಿ ತಾಗಿದರೆ ಪಲ್ಯ ಕಪ್ಪಾಗುತ್ತದೆ.

ಕಾಯಿತುರಿಯ ಲೆಕ್ಕವನ್ನೂ ಇಟ್ಟುಕೊಳ್ಳಿ. ಹಸಿ ಕಾಯಿತುರಿಯ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಕೊಬ್ಬು. ಎರಡು ಚಮಚ ಎಣ್ಣೆಗೆ ಸುಮಾರು 80 ಕ್ಯಾಲೊರಿ. ಎಣ್ಣೆ ಉಳಿಸಿ ಅರ್ಧ ಹೋಳು ಕಾಯಿ ತುರಿದು ಸುರಿದರೆ ಉಳಿಸಿದ್ದೆಲ್ಲ ಹೋಯಿತು. ಮೂರು ದೊಡ್ಡ ಚಮಚ ಘಮಕ್ಕೆ ಧಾರಾಳ ಸಾಕು. ಪಲ್ಯ ತುಂಬಿಕೊಂಡಂತೆ ಇರಬೇಕೆಂದರೆ, 20 ನಿಮಿಷ ನೆನೆಸಿ ಬಸಿದ ಎರಡು ಚಮಚ ಹೆಸರುಬೇಳೆಯನ್ನು ಮುಚ್ಚಳ ಹಾಕುವ ಮೊದಲು ಮೇಲೆ ಉದುರಿಸಿ. ತಳದ ನೀರನ್ನೂ ಅದು ಹೀರಿಕೊಳ್ಳುತ್ತದೆ. ಉತ್ತರ ಕರ್ನಾಟಕದ ರೀತಿಯಲ್ಲಿ ಕೊನೆಗೆ ಒಂದು ಚಮಚ ಗುರೆಳ್ಳು ಪುಡಿ ಅಥವಾ ಶೇಂಗಾ ಪುಡಿ ಹಾಕಿದರೆ ಕಾಯಿ ಬೇಕಿಲ್ಲ.

ಇದೇ ಕ್ರಮ ಬೇರೆ ತರಕಾರಿಗೂ ನಡೆಯುತ್ತದೆ, ನೀರಿನ ಲೆಕ್ಕ ಮಾತ್ರ ಬದಲಾಗುತ್ತದೆ. ಎಲೆಕೋಸಿಗೆ ನೀರೂ ಬೇಡ, ಮುಚ್ಚಳವೂ ಬೇಡ. ಜೋರು ಉರಿಯಲ್ಲಿ ಐದಾರು ನಿಮಿಷ. ಸೀಮೆಬದನೆ ತಾನೇ ನೀರು ಬಿಡುತ್ತದೆ. ಬೆಂಡೆಕಾಯಿಗೆ ಮಾತ್ರ ವಿಶೇಷ ಎಚ್ಚರ ಬೇಕು. ಅದರ ಲೋಳೆ ನೀರು ಸೇರಿದಷ್ಟೂ ಎಳೆಯಾಗಿ ಹರಡುತ್ತದೆ. ಆದ್ದರಿಂದ ತೊಳೆದು ಒಂದೊಂದನ್ನೂ ಒರೆಸಿ, ಒಣ ಚಾಕುವಿನಲ್ಲಿ ಒಂದು ಸೆಂಟಿಮೀಟರಿಗೆ ಹೆಚ್ಚಿ, ಮುಚ್ಚದೆ ಮಧ್ಯಮ ಉರಿಯಲ್ಲಿ ಹುರಿಯಿರಿ. ಮೊದಲ ಐದು ನಿಮಿಷ ಕೈಯಾಡಿಸುವುದು ಆದಷ್ಟು ಕಡಿಮೆ ಇರಲಿ, ಕಲಕಿದಷ್ಟೂ ಲೋಳೆ ಹೊರಬರುತ್ತದೆ. ಎಳೆ ಕಾಣಿಸಿದರೆ ಒಂದು ಚಮಚ ಗಟ್ಟಿ ಹುಣಸೆರಸ ಹಾಕಿ. ಇಲ್ಲಿ ಹುಳಿ ಬೇಗ ಬಿದ್ದರೂ ತೊಂದರೆಯಿಲ್ಲ, ಲೋಳೆ ಮುರಿಯುವುದೇ ಮುಖ್ಯ. ಒಲೆಯಿಂದ ಇಳಿಸುವ ಒಂದು ನಿಮಿಷ ಮೊದಲು ಉಪ್ಪು ಹಾಕಿ.

ಡಬ್ಬಿಗೆ ಕಟ್ಟುವುದಾದರೆ ಪಲ್ಯವನ್ನು ತಟ್ಟೆಯಲ್ಲಿ ಹರಡಿ ಆರಿಸಿ ತುಂಬಿ. ಬಿಸಿಯಾಗಿರುವಾಗಲೇ ಮುಚ್ಚಿದರೆ ಹಬೆ ಹನಿಯಾಗಿ, ಅಷ್ಟು ಕಷ್ಟಪಟ್ಟು ಇಂಗಿಸಿದ ನೀರು ಮತ್ತೆ ಬರುತ್ತದೆ. ಬೇಸಿಗೆಯಲ್ಲಿ ಹಸಿ ಕಾಯಿ ಹಾಕಿದ ಪಲ್ಯ ಮಧ್ಯಾಹ್ನದ ಹೊತ್ತಿಗೆ ಹಳಸುವುದುಂಟು. ಆ ದಿನಗಳಲ್ಲಿ ಡಬ್ಬಿಯ ಪಾಲಿಗೆ ಕಾಯಿ ಬಿಟ್ಟು ಶೇಂಗಾ ಪುಡಿ ಬೆರೆಸಿ.