ಗೌರಿ ಹುಣ್ಣಿಮೆಗೆ ಮನೆಯಲ್ಲೇ ಸಕ್ಕರೆ ಆರತಿ

ದೀಪಾವಳಿ ಅಮಾವಾಸ್ಯೆ ಕಳೆದು ಹದಿನೈದು ದಿನಕ್ಕೆ ಗೌರಿ ಹುಣ್ಣಿಮೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಆ ಸಂಜೆ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳ ತಾಟು ಹಿಡಿದು ಗೌರಿಗೆ ಬೆಳಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಬೀಗರ ಮನೆಯಿಂದ ಸೀರೆಯ ಜೊತೆ ಸಕ್ಕರೆ ಆರತಿ ಬರುತ್ತದೆ. ಸಂತೆಯಲ್ಲಿ ಸಿದ್ಧ ಗೊಂಬೆ ಸಿಗುತ್ತವೆ, ನಿಜ. ಆದರೆ ಅಚ್ಚು ಬಿಚ್ಚಿದಾಗ ಒಳಗಿಂದ ಆನೆ ಹೊರಬರುವುದನ್ನು ಮಕ್ಕಳು ಕಣ್ಣಾರೆ ನೋಡಬೇಕೆಂದರೆ ಮನೆಯಲ್ಲೇ ಮಾಡಬೇಕು. ಅಡುಗೆಮನೆ ಅಂಟಂಟಾಗುತ್ತದೆ, ಅದಕ್ಕೆ ಸಿದ್ಧರಾಗಿ ನೆಲಕ್ಕೆ ಹಳೇ ಪೇಪರ್ ಹಾಸಿ.

ಸಾಗವಾನಿ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ಮುಳುಗಿಸಿಡಿ. ಒಣ ಕಟ್ಟಿಗೆ ಪಾಕವನ್ನು ಹೀರಿಕೊಂಡು ಗೊಂಬೆಯ ಕಿವಿ, ಸೊಂಡಿಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಗೊಂಬೆ ಮುರಿಯುವುದಕ್ಕೆ ಮುಖ್ಯ ಕಾರಣ ಇದೇ. ಹೊಸ ಅಚ್ಚಾದರೆ ಎರಡು ದಿನ ನೆನೆಸಿ, ದಿನಕ್ಕೊಮ್ಮೆ ನೀರು ಬದಲಿಸಿ. ಮೊದಲ ಸಲದ ಗೊಂಬೆಗೆ ಕಟ್ಟಿಗೆಯ ಬಣ್ಣ ಹತ್ತಿದರೆ ಅದನ್ನು ತಿನ್ನಬೇಡಿ. ಹೊಯ್ಯುವ ಮುಂಚೆ ಅಚ್ಚನ್ನು ಜಾಡಿಸಿ. ಒಳಗೆ ನೀರು ನಿಂತಿದ್ದರೆ ಗೊಂಬೆಯ ಮೈ ತೂತು ತೂತಾಗುತ್ತದೆ. ಎರಡು ಹೋಳು ಕೂಡಿಸಿ ಸುತಲಿಯಿಂದ ಬಿಗಿಯಾಗಿ ಕಟ್ಟಿ, ಸಂದಿಗೆ ಗೋಧಿ ಕಣಕ ಮೆತ್ತಿ, ಬಾಯಿ ಮೇಲಾಗುವಂತೆ ಪರಾತದಲ್ಲಿ (ಅಗಲ ತಟ್ಟೆಯಲ್ಲಿ) ನಿಲ್ಲಿಸಿ. ಕಟ್ಟುವ, ಮೆತ್ತುವ ಕೆಲಸವೆಲ್ಲ ಮಕ್ಕಳದು.

ಒಂದು ಸಲಕ್ಕೆ ಅರ್ಧ ಕಿಲೋ ಸಕ್ಕರೆ ಸಾಕು. ಹೆಚ್ಚು ಹಾಕಿದರೆ ಎಲ್ಲ ಅಚ್ಚು ತುಂಬುವಷ್ಟರಲ್ಲಿ ಪಾಕ ಬೋಗುಣಿಯಲ್ಲೇ ಕಲ್ಲಾಗುತ್ತದೆ. ಅರ್ಧ ಕಿಲೋಗೆ 175 ಮಿಲಿ ನೀರು, ಎರಡು ಚಮಚ ಹಾಲು, ನಿಂಬೆರಸ ಎರಡೇ ಹನಿ. ಬೆಲ್ಲ ಬೇಡ, ಅದು ಹೀಗೆ ಹರಳುಗಟ್ಟಿ ಬಿಳುಪಾಗುವುದಿಲ್ಲ.

ಸಣ್ಣ ಉರಿಯಲ್ಲಿ ಸಕ್ಕರೆ ಪೂರ್ತಿ ಕರಗುವವರೆಗೆ ಕೈಯಾಡಿಸಿ. ಕುದಿ ಬಂದ ಮೇಲೆ ಹಾಲು ಹಾಕಿ. ಹಾಲು ಒಡೆದು ಸಕ್ಕರೆಯ ಕೊಳೆಯನ್ನು ಹಿಡಿದುಕೊಂಡು ನೊರೆಯಾಗಿ ಮೇಲೇಳುತ್ತದೆ. ನೊರೆ ತೆಗೆದು, ಒದ್ದೆ ಮಾಡಿದ ತೆಳು ಅರಿವೆಯಲ್ಲಿ ಸೋಸಿ, ನಿಂಬೆಹನಿ ಹಾಕಿ ಮತ್ತೆ ಒಲೆಗಿಡಿ. ಇಲ್ಲಿಂದ ಮುಂದೆ ಕಲಕಬಾರದು. ಬೋಗುಣಿಯ ಅಂಚಿಗೆ ಸಿಡಿದು ಒಣಗಿದ ಹರಳು ಒಂದೇ ಒಂದು ಒಳಗೆ ಬಿದ್ದರೂ ಅದರ ಸುತ್ತ ಉಳಿದ ಸಕ್ಕರೆ ಕಟ್ಟಲು ಶುರುವಾಗುತ್ತದೆ. ಆದ್ದರಿಂದ ಅಂಚನ್ನು ಒದ್ದೆ ಬ್ರಷ್‌ನಿಂದ ಸವರುತ್ತಿರಿ.

ಹದ ನೋಡಲು ತಣ್ಣೀರಿಗೆ ಒಂದು ಹನಿ ಬಿಡಿ. ಬೆರಳಲ್ಲಿ ಉಂಡಿ ಕಟ್ಟಿ ಮೇಲೆತ್ತಿದಾಗ ಚಪ್ಪಟೆಯಾಗದೆ ನಿಂತು, ಒತ್ತಿದರೆ ಸ್ವಲ್ಪ ತಗ್ಗಬೇಕು. ಥರ್ಮಾಮೀಟರ್ ಇದ್ದವರು 118 ಡಿಗ್ರಿ ಸೆಲ್ಸಿಯಸ್ ಎಂದು ಓದಿರುತ್ತೀರಿ, ಅದು ಸಮುದ್ರಮಟ್ಟದ ಲೆಕ್ಕ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 97.5 ಡಿಗ್ರಿ ಹೊತ್ತಿಗೇ ಕುದಿಯುತ್ತದೆ. ಹಾಗಾಗಿ 115-116ಕ್ಕೆ ಇಳಿಸಿ. ವಿಜಯಪುರ, ಬಾಗಲಕೋಟೆಯಲ್ಲಿ 116 ಸರಿ. ಇದಕ್ಕಿಂತ ತೀರಾ ಮುಂದೆ ಹೋದರೆ ಗೊಂಬೆ ಹಳದಿಯಾಗುತ್ತದೆ. ಹಿಂದೆ ಬಿದ್ದರೆ ಒಳಗೆ ಮೆತ್ತಗೆ ಉಳಿಯುತ್ತದೆ.

ಈಗ ಇಡೀ ಕೆಲಸದ ಜೀವ. ಇಲ್ಲಿಯವರೆಗೆ ಹರಳು ಕಟ್ಟದಂತೆ ಕಾಯ್ದೆವಲ್ಲ, ಇನ್ನು ನಾವೇ ಕಟ್ಟಿಸಬೇಕು. ಬೋಗುಣಿ ಇಳಿಸಿ, ಗುಳ್ಳೆ ಅಡಗಲು ಒಂದು ನಿಮಿಷ ಬಿಡಿ. ಬಣ್ಣ ಬೇಕಿದ್ದರೆ ತಿನ್ನುವ ಬಣ್ಣದ ಚಿಟಿಕೆ ಪುಡಿಯನ್ನು ಅರ್ಧ ಚಮಚ ನೀರಲ್ಲಿ ಕದಡಿ ಹಾಕಿ. ಆಮೇಲೆ ಕಟ್ಟಿಗೆಯ ಹುಟ್ಟಿನ ಬೆನ್ನಿನಿಂದ ಸ್ವಲ್ಪ ಪಾಕವನ್ನು ಬೋಗುಣಿಯ ಗೋಡೆಗೆ ತಿಕ್ಕಿ. ತಿಕ್ಕಿದ ಜಾಗ ಹಾಲಿನಂತೆ ಬೆಳ್ಳಗಾದ ತಕ್ಷಣ ಅದನ್ನು ಉಳಿದ ಪಾಕಕ್ಕೆ ಬೆರೆಸಿ, ಎಳೆ ಮುರಿಯದಂತೆ ಅಚ್ಚಿಗೆ ಹೊಯ್ಯಿರಿ. ತಿಕ್ಕದೆ ಹೊಯ್ದರೆ ಗೊಂಬೆ ಗಾಜಿನಂತಾಗಿ ಅಚ್ಚಿಗೆ ಅಂಟುತ್ತದೆ. ಅತಿಯಾಗಿ ತಿಕ್ಕಿದರೆ ಬೋಗುಣಿಯಲ್ಲೇ ಗಟ್ಟಿ. ಹಾಗಾದರೆ ಅರ್ಧ ವಾಟಗಾ (ಬಟ್ಟಲು) ನೀರು ಹಾಕಿ ಕರಗಿಸಿ, ಮತ್ತೆ ಹದಕ್ಕೆ ತನ್ನಿ. ಎಷ್ಟು ತಿಕ್ಕಿದರೂ ಬಿಳುಪೇರದಿದ್ದರೆ ನಿಂಬೆರಸ ಹೆಚ್ಚಾಗಿದೆ ಎಂದೇ ತಿಳಿಯಿರಿ. ಹುಳಿ ಸಕ್ಕರೆಯನ್ನು ಒಡೆದು ಹರಳಾಗಲು ಬಿಡುವುದಿಲ್ಲ. ಆ ಪಾಕವನ್ನು ಶರಬತ್ತಿಗೆ ಇಟ್ಟುಕೊಳ್ಳಿ.

ಕಾಸುವ, ಹೊಯ್ಯುವ ಹೊತ್ತಿನಲ್ಲಿ ಮಕ್ಕಳು ಒಲೆಯಿಂದ ದೂರವಿರಲಿ. ಪಾಕ ಕುದಿವ ನೀರಿಗಿಂತ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಬಿದ್ದರೆ ಕೂಡಲೇ ನಲ್ಲಿಯ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮಂಜುಗಡ್ಡೆ, ಎಣ್ಣೆ, ಅರಿಷಿಣ ಹಚ್ಚಬೇಡಿ. ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಿ.

ಸಣ್ಣ ಗೊಂಬೆ ಹತ್ತು ನಿಮಿಷಕ್ಕೆ ಕಟ್ಟುತ್ತದೆ, ತೇರಿನಂಥ ದೊಡ್ಡದಕ್ಕೆ 20-25 ನಿಮಿಷ ಬೇಕು. ದೊಡ್ಡದನ್ನು ಟೊಳ್ಳು ಮಾಡುವುದಾದರೆ ಬದಿ ಗಟ್ಟಿಯಾದ ಮೇಲೆ, ಸುಮಾರು ಐದು ನಿಮಿಷಕ್ಕೆ, ಅಚ್ಚು ಬೋರಲು ಮಾಡಿ ನಡುವಿನ ಪಾಕ ಸುರಿದುಬಿಡಿ. ಇದನ್ನು ದೊಡ್ಡವರೇ ಮಾಡಬೇಕು. ಅಚ್ಚು ಪೂರ್ತಿ ಆರಿದ ಮೇಲೆ ಸುತಲಿ ಬಿಚ್ಚಿ, ಮೆಲ್ಲಗೆ ತಟ್ಟಿ ಹೋಳು ಬೇರ್ಪಡಿಸುವ ಸಂಭ್ರಮ ಮಕ್ಕಳಿಗಿರಲಿ. ಚಾಕು ತೂರಿಸಿ ಮೀಟಿದರೆ ಗೊಂಬೆಯೂ ಹೋಯಿತು, ಅಚ್ಚೂ ಹೋಯಿತು. ಮುರಿದ ಕಾಲನ್ನು ಸಕ್ಕರೆ ಪುಡಿಗೆ ಎರಡು ಹನಿ ನೀರು ಕಲಸಿ ಅಂಟಿಸಬಹುದು.

ಐದಾರು ವರ್ಷದ ಚಿಕ್ಕವರಿಗೆ ಒಲೆಯೇ ಇಲ್ಲದ ದಾರಿಯೊಂದಿದೆ. 250 ಗ್ರಾಂ ಸಣ್ಣ ಹರಳಿನ ಸಕ್ಕರೆಗೆ ಎರಡೂವರೆ ಟೀ ಚಮಚ ನೀರು ಕಲಸಿ. ಮುಷ್ಟಿ ಹಿಡಿದರೆ ಒದ್ದೆ ಮರಳಿನಂತೆ ನಿಲ್ಲಬೇಕು. ಸಿಲಿಕಾನ್ ಅಚ್ಚಿಗೆ ಒತ್ತಿ ತುಂಬಿ, ಕೂಡಲೇ ಕಾಗದದ ಮೇಲೆ ಮಗುಚಿ, ರಾತ್ರಿಯಿಡೀ ಒಣಗಲು ಬಿಡಿ. ಗೆರೆಗಳು ಅಷ್ಟು ಚೊಕ್ಕ ಬರುವುದಿಲ್ಲ, ಆದರೆ ಗೊಂಬೆ ಪೂರ್ತಿ ಅವರ ಕೈಯದು.

ಗೊಂಬೆಗಳನ್ನು ನೆರಳಲ್ಲಿ ಫ್ಯಾನ್ ಕೆಳಗೆ ಒಂದು ದಿನ ಆರಿಸಿ. ಫ್ರಿಜ್‌ನಲ್ಲಿಟ್ಟು ತೆಗೆದರೆ ಬೆವರುತ್ತವೆ. ಮೋಡ ಕವಿದಿದ್ದರೆ ಅಕ್ಕಿ ಡಬ್ಬಿಯ ಹಾಗೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ. ಸಂಜೆ ತಾಟಿಗೆ ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಹಾಸಿ ಗೊಂಬೆ ಜೋಡಿಸಿ. ಹೂವಿನ ನೀರು ಆರಿರಲಿ, ದೀಪ ಗೊಂಬೆಗಳಿಂದ ಒಂದು ಗೇಣು ದೂರವಿರಲಿ. ತುಪ್ಪ ಸಿಡಿದರೆ ಕಲೆ ಹೋಗುವುದಿಲ್ಲ.

ಪಾತ್ರೆಗೆ ಹತ್ತಿದ್ದನ್ನು ಕೆರೆಯಬೇಡಿ, ಬಿಸಿನೀರು ತುಂಬಿಟ್ಟರೆ ತಾನೇ ಕರಗುತ್ತದೆ. ಅಚ್ಚಿಗೆ ಸಾಬೂನು ತಾಕಿಸದೆ ಬಿಸಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಎರಡು ಹೋಳು ಮುಖಾಮುಖಿ ಕಟ್ಟಿಡಿ. ಬಿಡಿಬಿಡಿಯಾಗಿ ಒಣಗಿದ ಹೋಳು ಸೊಟ್ಟಗಾದರೆ ಮುಂದಿನ ವರ್ಷ ಸಂದಿ ಕೂಡುವುದಿಲ್ಲ.