ಸಮನ್ವಯ ಶಿಕ್ಷಣ: ತರಗತಿಯಲ್ಲಿ ಆರಂಭಿಸುವುದು ಹೇಗೆ?

ವಿಶೇಷ ಶಿಕ್ಷಣವೆಂದರೆ ಮಗುವಿನ ಅಗತ್ಯಕ್ಕೆ ತಕ್ಕಂತೆ ಹೊಂದಿಸಿದ ಬೋಧನೆ. ಸಮನ್ವಯ ಶಿಕ್ಷಣವೆಂದರೆ ಆ ಮಗು ತನ್ನೂರಿನ ಶಾಲೆಯಲ್ಲೇ, ಓರಗೆಯವರ ನಡುವೆ ಕಲಿಯುವಂತೆ ಶಾಲೆಯೇ ತನ್ನ ರೀತಿಯನ್ನು ಬದಲಿಸಿಕೊಳ್ಳುವುದು. ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಮಗು ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದರೆ ಅದು ಸಮನ್ವಯವಲ್ಲ.

ಮೊದಲು ಗಮನಿಸಿ, ಆಮೇಲೆ ಹೆಸರಿಡಿ. ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಕಡೆ ಅನೇಕ ಮಕ್ಕಳ ಮನೆಮಾತು ತೆಲುಗು. ಒಂದನೇ ತರಗತಿಯಲ್ಲಿ ಕನ್ನಡದ ಸೂಚನೆ ತಿಳಿಯದೆ ಪಿಳಿಪಿಳಿ ನೋಡುವ ಮಗುವಿಗೆ ಕಲಿಕಾ ನ್ಯೂನತೆಯಿದೆ ಎಂದು ತೀರ್ಮಾನಿಸುವ ಮುನ್ನ ಅದೇ ಪ್ರಶ್ನೆಯನ್ನು ತೆಲುಗಿನಲ್ಲಿ ಕೇಳಿ ನೋಡಬೇಕು. ಈ ಎರಡು ನಿಮಿಷದ ಕೆಲಸವನ್ನು ನಾವು ಮರೆಯುವುದೇ ಹೆಚ್ಚು. ಎರಡೂ ಭಾಷೆಗಳಲ್ಲಿ ತೊಡಕು ಕಂಡರೆ ಮೊದಲು ಕಣ್ಣು, ಕಿವಿಗಳ ತಪಾಸಣೆ ಮಾಡಿಸಿ.

ಬಳಿಕ ಪೋಷಕರನ್ನು ಕೂರಿಸಿಕೊಂಡು ವೈಯಕ್ತಿಕ ಶೈಕ್ಷಣಿಕ ಯೋಜನೆ, ಅಂದರೆ ಆ ಮಗುವಿಗೆಂದೇ ಹೊಂದಿಸಿದ ಕಲಿಕೆಯ ಗುರಿಗಳ ಪಟ್ಟಿ, ಬರೆಯಿರಿ. ‘ಓದು ಸುಧಾರಿಸಬೇಕು’ ಎಂಬುದು ಗುರಿಯಲ್ಲ. ‘ದಸರಾ ರಜೆಯೊಳಗೆ ಮರ, ಹೊಲ, ರಾಗಿ ಮುಂತಾದ ಒತ್ತಕ್ಷರವಿಲ್ಲದ ಹತ್ತು ಪದಗಳನ್ನು ತಾನೇ ಓದಬೇಕು’ ಎಂಬುದು ಗುರಿ. ಮಂದದೃಷ್ಟಿಯ ಮಗುವಾದರೆ ಮುಂದಿನ ಸಾಲಿನಲ್ಲಿ ಕೂರಿಸಿ, ಕಿಟಕಿಯ ಬೆಳಕಿಗೆ ಕರಿಹಲಗೆ ಹೊಳೆಯದಂತೆ ನೋಡಿಕೊಂಡು, ಬರೆಯುತ್ತಲೇ ಗಟ್ಟಿಯಾಗಿ ಓದಿ ಹೇಳಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವೆಂದು ಪ್ರಮಾಣೀಕೃತವಾದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಆದರೆ ತರಗತಿಯಲ್ಲಿ ಮಾಡಬೇಕಾದ ಹೊಂದಾಣಿಕೆಗೆ ಪ್ರಮಾಣಪತ್ರ ಬರುವವರೆಗೆ ಕಾಯಬೇಕಿಲ್ಲ.