ಬ್ಲಡ್ ಕಲ್ಚರ್: ಎರಡನೇ ಬಾಟಲಿಯನ್ನು ಹಾಳು ಮಾಡಬೇಡಿ

ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡುವ ಪರೀಕ್ಷೆಯೇ ಬ್ಲಡ್ ಕಲ್ಚರ್. ಅದರ ಒಂದು ಸೆಟ್ ಅಂದರೆ ಎರಡು ಬಾಟಲಿ. ಒಂದು (ಏರೋಬಿಕ್) ಆಮ್ಲಜನಕ ಬೇಕಾದ ಬ್ಯಾಕ್ಟೀರಿಯಾಗಳಿಗೆ, ಇನ್ನೊಂದು (ಅನೇರೋಬಿಕ್) ಆಮ್ಲಜನಕ ಸೋಕಿದರೆ ಬೆಳೆಯದ ಅನೇರೋಬ್‌ಗಳಿಗೆ. ವಾರ್ಡುಗಳಲ್ಲಿ ಈ ಎರಡನೆಯದರ ಮೇಲೆ ಅಸಡ್ಡೆ ಜಾಸ್ತಿ. "ಅದು ಅಪರೂಪ ಬಿಡಿ" ಅಂತಾರೆ. ಆದರೆ ಗಂಟಲು ನೋವಿನಿಂದ ಶುರುವಾಗಿ ಕುತ್ತಿಗೆಯ ರಕ್ತನಾಳದಲ್ಲಿ ಹೆಪ್ಪುಗಟ್ಟಿಸುವ ಫ್ಯೂಸೋಬ್ಯಾಕ್ಟೀರಿಯಂ ನೆಕ್ರೋಫೋರಂ ಸಿಗುವುದು ಆ ಬಾಟಲಿಯಲ್ಲೇ. ಕ್ಲಾಸ್ಟ್ರಿಡಿಯಂ ಸೆಪ್ಟಿಕಂ ಅನ್ನುವ ಇನ್ನೊಂದು ಅನೇರೋಬ್ ಬೆಳೆದರೆ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಇದೆಯಾ ಅಂತಲೂ ನೋಡಬೇಕು.

1. ಆಂಟಿಬಯೋಟಿಕ್ ಕೊಡುವ ಮೊದಲೇ ರಕ್ತ ತೆಗೆಯಿರಿ. ಆದರೆ ರೋಗಿಯ ಸ್ಥಿತಿ ಬಿಗಡಾಯಿಸಿದ್ದರೆ ಇದಕ್ಕಾಗಿ ಔಷಧಿ ತಡಮಾಡಬೇಡಿ.

2. ನರ ಹುಡುಕಿ, ಕೈ ತೊಳೆದು ಗ್ಲೌಸ್ ಹಾಕಿ.

3. ಕೆಡುವುದು ಇಲ್ಲೇ. ಆಲ್ಕೋಹಾಲ್ ಬೆರೆತ 2% ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮವನ್ನು ಕನಿಷ್ಠ 30 ಸೆಕೆಂಡ್ ಚೆನ್ನಾಗಿ ಉಜ್ಜಿ. ಆಮೇಲೆ ತಾನಾಗಿ ಒಣಗಲು ಬಿಡಿ. ಊದಬೇಡಿ, ಬೀಸಬೇಡಿ. ಒಣಗಿದ ಮೇಲೆ "ನರ ಇಲ್ಲೇ ಇತ್ತಲ್ವಾ" ಅಂತ ಮತ್ತೆ ಬೆರಳಿಟ್ಟರೆ ಒರೆಸಿದ್ದೆಲ್ಲ ದಂಡ. ಡಬ್ಬಿಯಲ್ಲಿ ನೆನೆಸಿಟ್ಟ ಸ್ಪಿರಿಟ್ ಹತ್ತಿಯನ್ನಂತೂ ನಾನು ಮುಟ್ಟಲೂ ಒಪ್ಪುವುದಿಲ್ಲ. ಯಾರ್ಯಾರ ಕೈ ಅದರೊಳಗೆ ಹೋಗಿರುತ್ತದೋ! ಬಾಟಲಿಯ ರಬ್ಬರ್ ಮುಚ್ಚಳವನ್ನೂ ಒರೆಸಿ. ಪ್ಲಾಸ್ಟಿಕ್ ಟೋಪಿಯ ಕೆಳಗೆ ಇರುವುದರಿಂದ ಅದು ಸ್ಟೆರೈಲ್ ಅಂತ ತಿಳಿಯಬೇಡಿ.

4. ಒಂದೊಂದು ಬಾಟಲಿಗೆ 8ರಿಂದ 10 ಮಿಲಿ. ಇದು ದೊಡ್ಡವರ ಲೆಕ್ಕ. ಮಕ್ಕಳಿಗೆ ತೂಕ ನೋಡಿ ಕಡಿಮೆ. ಸಿರಿಂಜ್‌ನಲ್ಲಿ ತೆಗೆದರೆ ಮೊದಲು ಅನೇರೋಬಿಕ್ ಬಾಟಲಿ ತುಂಬಿಸಿ. ಸಿರಿಂಜ್‌ನೊಳಗಿನ ಗಾಳಿ ಅದರೊಳಗೆ ಹೋಗಲೇಬಾರದು. ಟ್ಯೂಬ್ ಜೋಡಿಸಿರುವ ಬಟರ್‌ಫ್ಲೈ ಸೂಜಿಯಾದರೆ ಉಲ್ಟಾ: ಟ್ಯೂಬಿನಲ್ಲಿ ಗಾಳಿ ಇರುತ್ತದೆ, ಹಾಗಾಗಿ ಏರೋಬಿಕ್ ಮೊದಲು. ರಕ್ತ ಸಾಲದಿದ್ದರೂ ಏರೋಬಿಕ್‌ಗೇ ಮೊದಲ ಪಾಲು. ನರದಲ್ಲಿ ಮೊದಲೇ ಹಾಕಿಟ್ಟ ಹಳೆಯ ಕ್ಯಾನುಲಾದಿಂದ (ಡ್ರಿಪ್ ಕೊಡುವ ಕೊಳವೆ) ಎಳೆಯುವ ಶಾರ್ಟ್‌ಕಟ್ ಬೇಡ, ಚರ್ಮದ ಬ್ಯಾಕ್ಟೀರಿಯಾ ಬಂದು ದಾರಿ ತಪ್ಪಿಸುತ್ತದೆ.

5. ಇನ್ನೊಂದು ಕೈಯಿಂದ ಎರಡನೇ ಸೆಟ್. ಒಂದೇ ಸೆಟ್ಟಿನಲ್ಲಿ ಏನಾದರೂ ಬೆಳೆದರೆ ಅದು ರಕ್ತದ್ದೋ ಚರ್ಮದ್ದೋ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ.

6. ಹೆಸರು, ಸಮಯ, ಯಾವ ಕೈ ಅಂತ ಬರೆದು ಬೇಗ ಲ್ಯಾಬ್‌ಗೆ ಕಳಿಸಿ. ಫ್ರಿಜ್‌ನಲ್ಲಿ ಇಡಬೇಡಿ.

ಸಾಮಾನ್ಯವಾಗಿ ಬಾಟಲಿಗಳನ್ನು 5 ದಿನ ಮೆಷಿನ್‌ನಲ್ಲಿ ಇಡುತ್ತಾರೆ. ಕೆಲವು ಅನೇರೋಬ್‌ಗಳು ನಿಧಾನ. ಹೊಟ್ಟೆಯೊಳಗೆ ಕೀವು, ಬಿಡದ ಗಂಟಲು ನೋವು, ಹಲ್ಲಿನ ಸೋಂಕು ಇದ್ದರೆ ಫಾರಂನಲ್ಲೇ ಬರೆಯಿರಿ. ಬರೀ "ಜ್ವರ" ಅಂತ ಬರೆದರೆ ಲ್ಯಾಬ್‌ನವರು ಏನಂತ ಹುಡುಕಬೇಕು? ಅನೇರೋಬ್ ಅಂತ ವರದಿ ಬಂದರೆ ಡಾಕ್ಟರಿಗೆ ಆಗಲೇ ಫೋನ್ ಮಾಡಿ. ಜೆಂಟಾಮೈಸಿನ್ ಅನ್ನುವ ಆಂಟಿಬಯೋಟಿಕ್ ಒಂದನ್ನೇ ಕೊಡುತ್ತಿದ್ದರೆ ಅದು ಇವುಗಳಿಗೆ ನಾಟುವುದಿಲ್ಲ.